ಮೈಮೇಲೆಲ್ಲ ಗಂಟು, ಎನ್‌ಎಫ್‌1 ಇದೆ. ಯಾವ ಗಂಟಿಗೆ ಹೆದರಬೇಕು?

ರೇಖಾ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನಗೆ 32 ವರ್ಷ. ನಾಲ್ಕು ವರ್ಷದ ಮಗನಿದ್ದಾನೆ. ನನಗೆ ನ್ಯೂರೋಫೈಬ್ರೊಮಟೋಸಿಸ್ ಟೈಪ್ 1 (ಎನ್‌ಎಫ್‌1) ಇದೆ, ಅಂದರೆ ನರಗಳ ಮೇಲೆ ಗಂಟು ಬೆಳೆಯುವ, ಹುಟ್ಟಿನಿಂದಲೇ ಇರುವ ಕಾಯಿಲೆ. ಅಪ್ಪನಿಗೂ ಇತ್ತು. ಅವರ ಬೆನ್ನು, ಹೊಟ್ಟೆ ಮೇಲೆಲ್ಲ ಮೆತ್ತನೆಯ ಗಂಟುಗಳು. ಊರಲ್ಲಿ ನಾಗದೋಷ ಅಂದರು. ಅಜ್ಜಿ ಕುಕ್ಕೆಗೆ ಕರೆದುಕೊಂಡು ಹೋಗಿ ಆಶ್ಲೇಷ ಬಲಿ ಮಾಡಿಸಿದರು. ಅಪ್ಪ ತೀರಿಕೊಂಡಿದ್ದು ಹಾರ್ಟ್ ಅಟ್ಯಾಕ್‌ನಿಂದ. ಹಾಗಾಗಿ ಇದು ಬರೀ ಚರ್ಮದ ಕಾಯಿಲೆ ಅಂದುಕೊಂಡೇ ಬೆಳೆದೆ.

ಬಸುರಿಯಾಗಿದ್ದಾಗ ನನ್ನ ಗಂಟುಗಳು ಜಾಸ್ತಿಯಾದವು. ಎಡ ತೊಡೆಯಲ್ಲಿ, ಆಳದಲ್ಲಿ ಒಂದು ದೊಡ್ಡ ಗಡ್ಡೆಯಿದೆ. ಅದು ಚಿಕ್ಕಂದಿನಿಂದ ಇರುವಂಥದ್ದು. ಮೊನ್ನೆ ಚರ್ಮದ ಡಾಕ್ಟರ್ ನೋಡಿ, "30 ದಾಟಿದೆಯಲ್ಲಮ್ಮ, ಮ್ಯಾಮೋಗ್ರಾಂ ಆಗಿದೆಯಾ?" ಅಂತ ಕೇಳಿದರು. ಸ್ತನದ ಎಕ್ಸ್‌ರೇ ಅಂತೆ. ನಮ್ಮ ಮನೆಯಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಬಂದಿಲ್ಲ. ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನವರನ್ನು ಒಳಗೆ ಕರೆದಾಗಿತ್ತು. ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. ಓದಿದ್ದಕ್ಕೆ ನಿದ್ದೆ ಬರಲಿಲ್ಲ.

ಇಷ್ಟೊಂದು ಗಂಟುಗಳಲ್ಲಿ ಯಾವುದು ಕ್ಯಾನ್ಸರ್ ಆಗುತ್ತದೆ? ಮ್ಯಾಮೋಗ್ರಾಂ ನಿಜವಾಗಿ ಬೇಕಾ? ಮಗನ ಮೈಮೇಲೂ ಕಾಫಿ ಬಣ್ಣದ ಮಚ್ಚೆಗಳಿವೆ. ನಾನು ಮದುವೆಯಾಗಿರುವುದು ಸೋದರಮಾವನ ಮಗನನ್ನು. ಸಂಬಂಧದಲ್ಲಿ ಆದದ್ದಕ್ಕೇ ಮಗುವಿಗೆ ಬಂತು ಅಂತ ನೆಂಟರು ಅನ್ನುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಮಂಜುನಾಥ, ಶಿರಸಿ

ಧೈರ್ಯವಾಗಿರಿ ಮೇಡಂ. ನಮ್ಮ ಚಿಕ್ಕಪ್ಪನಿಗೂ ಇದೇ ಇದೆ, 70 ವರ್ಷ, ಇವತ್ತಿಗೂ ತೋಟಕ್ಕೆ ಹೋಗುತ್ತಾರೆ. ಒಂದೇ ಮಾತು. ಗಂಟು ಕೊಯ್ಯಿಸಬೇಡಿ. ಕತ್ತಿ ತಾಗಿದರೆ ಕ್ಯಾನ್ಸರ್‌ಗೆ ತಿರುಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ.

ವಸಂತಿ, ಮೈಸೂರು

ರೇಖಾ, ನಾನು ನಿನಗಿಂತ ದೊಡ್ಡವಳು, 49. ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನನಗೂ ಎನ್‌ಎಫ್‌1 ಇದೆ. ನನ್ನ ತಮ್ಮನಿಗೂ ಇತ್ತು. ಅವನನ್ನು ಇದೇ ಕಾಯಿಲೆಯ ಕ್ಯಾನ್ಸರ್‌ಗೆ ಕಳೆದುಕೊಂಡೆವು. ಆಮೇಲೆ ಸಿಕ್ಕ ಸಿಕ್ಕ ಡಾಕ್ಟರನ್ನೆಲ್ಲ ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಮೊದಲು ಮಂಜುನಾಥ್ ಅವರಿಗೆ. ಕತ್ತಿ ತಾಗಿದರೆ ಕ್ಯಾನ್ಸರ್ ಆಗುತ್ತದೆ ಅನ್ನುವುದು ನಿಜ ಅಲ್ಲ ಸರ್. ಚರ್ಮದ ಮೇಲಿನ ಗಂಟನ್ನು ತೆಗೆಸಬಹುದು. ನಾನೇ ಸೊಂಟದ ಹತ್ತಿರದ್ದನ್ನು ತೆಗೆಸಿದ್ದೇನೆ, ಸೀರೆ ಕಟ್ಟಿದಾಗ ಉಜ್ಜಿ ಹುಣ್ಣಾಗುತ್ತಿತ್ತು. ಈ ಮಾತನ್ನು ನಂಬಿಕೊಂಡು ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಡ ಅಂದು ಎದ್ದು ಬರುವವರಿದ್ದಾರೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ರೇಖಾ, ನಿನ್ನ ಮೈಮೇಲೆ ಕಾಣುವ, ಚರ್ಮದ ಜೊತೆಗೇ ಅಲ್ಲಾಡುವ ಮೆತ್ತನೆಯ ಸಣ್ಣ ಗಂಟುಗಳಿವೆಯಲ್ಲ, ಅವು ಎಷ್ಟೇ ಇರಲಿ, ಕ್ಯಾನ್ಸರ್ ಆಗುವುದಿಲ್ಲ. ಬಸುರಿಯಲ್ಲಿ ಜಾಸ್ತಿಯಾಗುವುದು ತುಂಬಾ ಜನರಿಗೆ ಆಗುತ್ತದೆ. ಲೆಕ್ಕ ಮಾಡುತ್ತಾ ಕೂರಬೇಡ. ಗಮನ ಇಡಬೇಕಾದದ್ದು ಆಳದಲ್ಲಿರುವ ಗಡ್ಡೆಯ ಮೇಲೆ. ನರದ ಉದ್ದಕ್ಕೂ ಹಬ್ಬಿರುವ ಗಡ್ಡೆಗೆ ಪ್ಲೆಕ್ಸಿಫಾರ್ಮ್ ಅನ್ನುತ್ತಾರೆ. ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುತ್ತದೆ. ಎನ್‌ಎಫ್‌1 ಇರುವ 100 ಜನರಲ್ಲಿ ಸುಮಾರು 8ರಿಂದ 13 ಜನರಿಗೆ ಜೀವಮಾನದಲ್ಲಿ ಯಾವಾಗಲಾದರೂ ನರದ ಹೊದಿಕೆಯ ಕ್ಯಾನ್ಸರ್ ಬರುತ್ತದೆ. ಹೆಚ್ಚಾಗಿ ಅದು ಶುರುವಾಗುವುದು ಇಂಥ ಗಡ್ಡೆಯೊಳಗೆ. ಉಳಿದ ಸುಮಾರು 90 ಜನರಿಗೆ ಬರುವುದೇ ಇಲ್ಲ. ರಾತ್ರಿ ಮೊಬೈಲ್ ನೋಡುವಾಗ ಈ 90 ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ತಮ್ಮನಿಗೆ ಪೃಷ್ಠದ ಹತ್ತಿರ ಅಂಥದ್ದೊಂದು ಇತ್ತು. ವರ್ಷಗಟ್ಟಲೆ ಸುಮ್ಮನೆ ಇತ್ತು. 28ನೇ ವಯಸ್ಸಿನಲ್ಲಿ ನೋವು ಶುರುವಾಯಿತು. ಹಗಲು ಹೇಗೋ ತಡೆದುಕೊಳ್ಳುತ್ತಿದ್ದ, ರಾತ್ರಿ ಎದ್ದು ಕೂರುತ್ತಿದ್ದ. ಒಂದು ಆಸ್ಪತ್ರೆಯಲ್ಲಿ, "ನಿಮಗೆ ಮೈಯೆಲ್ಲ ಗಂಟು, ಇದೂ ಹಳೆಯದೇ" ಅಂತ ನೋವಿನ ಮಾತ್ರೆ ಬರೆದುಕೊಟ್ಟರು. ಅವನು ಮತ್ತೆ ಮತ್ತೆ ಹೋದ. ಸ್ಕ್ಯಾನ್ ಬರೆಯಲಿಲ್ಲ. ಮೆತ್ತಗಿದ್ದ ಗಡ್ಡೆ ಗಟ್ಟಿಯಾಯಿತು. ಪಾದ ಜೋಮು ಹಿಡಿದು ಚಪ್ಪಲಿ ಕಾಲಿನಿಂದ ಜಾರತೊಡಗಿತು. ಬೇರೆ ಕಡೆ ಎಂಆರ್‌ಐ, ಪೆಟ್ ಸ್ಕ್ಯಾನ್, ಬಯಾಪ್ಸಿ ಆಗುವ ಹೊತ್ತಿಗೆ ಶ್ವಾಸಕೋಶಕ್ಕೆ ಹೋಗಿತ್ತು. ಈ ಕ್ಯಾನ್ಸರ್‌ಗೆ ಕೀಮೋ ಅಷ್ಟಾಗಿ ಬಗ್ಗುವುದಿಲ್ಲ. ಹರಡುವ ಮೊದಲೇ ಪೂರ್ತಿ ಕತ್ತರಿಸಿ ತೆಗೆಯುವುದೇ ದೊಡ್ಡ ದಾರಿ. ಅವನಿಗೆ ಆ ದಾರಿ ಉಳಿದಿರಲಿಲ್ಲ.

ಅದಕ್ಕೇ ತೊಡೆಯ ಗಡ್ಡೆ ಬೇಗ ಬೇಗ ಬೆಳೆದರೆ, ಬಿಡದೆ ನೋಯುತ್ತಿದ್ದರೆ, ನೋವಿಗೆ ನಿದ್ದೆಯಿಂದ ಎಚ್ಚರವಾದರೆ, ಗಟ್ಟಿಯಾದರೆ, ಕಾಲಿನ ಶಕ್ತಿ ಕಡಿಮೆಯಾದರೆ ಕಾಯಬೇಡ. "ಇದು ಹಳೆಯ ಗಂಟೇ, ಆದರೆ ನೋವು ಹೊಸದು. ನನಗೆ ಎನ್‌ಎಫ್‌1 ಇದೆ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಸ್ಕ್ಯಾನ್ ಮಾಡಿ ನೋಡಿ" ಅಂತ ನೇರವಾಗಿ ಕೇಳು. ಬಾಯಿಬಿಟ್ಟು ಕೇಳುವುದು ಅಗೌರವ ಅಲ್ಲ. ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ಎಂಆರ್‌ಐ ಮಾಡಿಸಿ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳು. ಮುಂದೆ ಬದಲಾವಣೆ ಬಂದರೆ ಹೋಲಿಸಿ ನೋಡಲು ಹಳೆಯದೊಂದು ಬೇಕಾಗುತ್ತದೆ.

ಮ್ಯಾಮೋಗ್ರಾಂ ಬಗ್ಗೆ ನಿನ್ನ ಡಾಕ್ಟರ್ ಸರಿಯಾಗೇ ಹೇಳಿದ್ದಾರೆ. ನಾವು ಗಂಟಿನ ಬಗ್ಗೆ ಹೆದರುತ್ತೇವೆ, ಇದನ್ನು ಮಾತ್ರ ಯಾರೂ ಹೇಳುವುದೇ ಇಲ್ಲ. ಎನ್‌ಎಫ್‌1 ಇರುವ ಹೆಂಗಸರಿಗೆ 50ರ ಒಳಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಬೇರೆಯವರಿಗಿಂತ ಸುಮಾರು ನಾಲ್ಕೈದು ಪಟ್ಟು ಜಾಸ್ತಿ. ಮನೆಯಲ್ಲಿ ಯಾರಿಗೂ ಬಂದಿರಬೇಕಾಗಿಲ್ಲ, ಈ ಕಾಯಿಲೆ ತರುವ ಜೀನ್‌ನಿಂದಲೇ ಆ ಅಪಾಯ. ಅಮೆರಿಕದ ಮಾರ್ಗಸೂಚಿ 30ರಿಂದ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಮಾಡಿಸಿ ಅನ್ನುತ್ತದೆ, 50ರವರೆಗೆ ಸ್ತನದ ಎಂಆರ್‌ಐ ಕೂಡ ಯೋಚಿಸಿ ಅನ್ನುತ್ತದೆ. ಬ್ರಿಟನ್‌ನಲ್ಲಿ 40ರಿಂದ ಶುರು ಮಾಡುತ್ತಾರೆ. ನಿನಗೆ ಯಾವಾಗಿನಿಂದ ಅಂತ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡು. ಆದರೆ ತೀರ್ಮಾನ ಮಾಡದೆ ಬಿಡಬೇಡ.

ರೇಖಾ, ಅರಸೀಕೆರೆ

ಅಕ್ಕ, ಓದಿ ಕಣ್ಣು ತುಂಬಿ ಬಂತು. ತೊಡೆಯದ್ದು ನೋವಿಲ್ಲ, ಮೆತ್ತಗೇ ಇದೆ. ಎಂಆರ್‌ಐ ಬಗ್ಗೆ ಕೇಳುತ್ತೇನೆ. ಮಗನ ಬಗ್ಗೆ ಯಾರಾದರೂ ಹೇಳುತ್ತೀರಾ? ಮನೆಯಲ್ಲಿ ಆ ಮಾತಿಗೇ ದಿನವೂ ಜಗಳ.

ಡಾ. ಶೈಲಾ, ಧಾರವಾಡ

ನಾನು ಮಕ್ಕಳ ಡಾಕ್ಟರ್. ರೇಖಾ ಅವರೇ, ಜಗಳದ ವಿಷಯವನ್ನೇ ಮೊದಲು ಮುಗಿಸೋಣ. ಇದಕ್ಕೂ ಸೋದರಿಕೆಯ ಮದುವೆಗೂ ಸಂಬಂಧ ಇಲ್ಲ. ತಂದೆ ತಾಯಿ ಇಬ್ಬರಿಂದಲೂ ಜೀನ್‌ನ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸುವ ಕಾಯಿಲೆಗಳಿವೆ, ಸಂಬಂಧದಲ್ಲಿ ಮದುವೆಯಾದಾಗ ಅವು ಹೆಚ್ಚು. ಎನ್‌ಎಫ್‌1 ಅಂಥದ್ದಲ್ಲ. ಒಬ್ಬರಲ್ಲಿ ಇದ್ದರೆ ಸಾಕು, ಪ್ರತಿ ಬಸುರಿಯಲ್ಲೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನೀವು ಯಾರನ್ನು ಮದುವೆಯಾಗಿದ್ದರೂ ಇಷ್ಟೇ ಇರುತ್ತಿತ್ತು. ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ತಂದೆ ತಾಯಿ ಇಬ್ಬರಲ್ಲೂ ಇರುವುದಿಲ್ಲ, ಹೊಸದಾಗಿಯೇ ಬಂದಿರುತ್ತದೆ. ಇದನ್ನು ನೆಂಟರಿಗೂ ಹೇಳಿ. ಸುಮಾರು 3000 ಜನರಲ್ಲಿ ಒಬ್ಬರಿಗೆ ಇದೆ, ಅಪರೂಪದಲ್ಲಿ ಅಪರೂಪ ಏನಲ್ಲ.

17ನೇ ಕ್ರೋಮೋಸೋಮ್‌ನಲ್ಲಿರುವ ಈ ಜೀನನ್ನು 1990ರಲ್ಲಿ ಪತ್ತೆ ಮಾಡಿದರು. ಜೀವಕೋಶ ಬೆಳೆಯುವಾಗ ಬ್ರೇಕ್ ಹಾಕುವ ಪ್ರೋಟೀನ್ ತಯಾರಾಗುವುದು ಅದರಿಂದ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುತ್ತದೆ. ಯಾವುದೋ ಜೀವಕೋಶದಲ್ಲಿ ಇನ್ನೊಂದೂ ಕೆಟ್ಟರೆ ಅಲ್ಲಿ ಗಡ್ಡೆ. ಅದಕ್ಕೇ ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ತಂದೆಗೆ ಹಗುರವಾಗಿತ್ತು ಅಂತ ಮಗನಿಗೂ ಹಗುರ ಅನ್ನಲು ಬರುವುದಿಲ್ಲ. ನಿಮಗಿಂತ ಜಾಸ್ತಿ ಆಗಿಯೇ ತೀರುತ್ತದೆ ಅನ್ನಲೂ ಬರುವುದಿಲ್ಲ.

ಮಗನಿಗೆ 5 ಮಿಲಿಮೀಟರ್‌ಗಿಂತ ದೊಡ್ಡ ಮಚ್ಚೆ ಆರು ಅಥವಾ ಹೆಚ್ಚು ಇದ್ದು, ತಾಯಿಗೆ ಎನ್‌ಎಫ್‌1 ಇದ್ದರೆ ಅವನಿಗೂ ಇದೆ ಅಂತಲೇ ಲೆಕ್ಕ. ಕಂಕುಳಲ್ಲಿ, ತೊಡೆಸಂದಿನಲ್ಲಿ ಸಣ್ಣ ಚುಕ್ಕೆಗಳಿವೆಯಾ ನೋಡಿ. ಈ ವಯಸ್ಸಿನಲ್ಲಿ ನಾನು ಬಿಡದೆ ಮಾಡಿಸುವುದು ಕಣ್ಣಿನ ಪರೀಕ್ಷೆ. ಸುಮಾರು 15% ಮಕ್ಕಳಿಗೆ ಕಣ್ಣಿನ ನರದಲ್ಲಿ ಗಡ್ಡೆ ಬರುತ್ತದೆ, ಹೆಚ್ಚಾಗಿ ಏಳು ವರ್ಷದ ಒಳಗೆ. ಬಂದವರಲ್ಲೂ ಹಲವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಆದರೆ ನಾಲ್ಕು ವರ್ಷದ ಮಗು ದೃಷ್ಟಿ ಮಂದವಾಯಿತು ಅಂತ ತಾನಾಗಿ ಹೇಳುವುದಿಲ್ಲ. ಎಂಟು ವರ್ಷದವರೆಗೆ ವರ್ಷಕ್ಕೊಮ್ಮೆ ತೋರಿಸಿ. ಬಿಪಿಯನ್ನೂ ನೋಡಿಸಿ, ಮಗುವಿಗೆ ಬಿಪಿ ಯಾಕೆ ಅಂತ ಯಾರಾದರೂ ಕೇಳಿದರೂ. ನಿಮಗೂ ಅಷ್ಟೇ. ಬಿಪಿ ಏರಿ ತಲೆನೋವು, ಬೆವರು, ಎದೆಬಡಿತ ಒಟ್ಟಿಗೆ ಬಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆ ಇರಬಹುದು. ಅದಕ್ಕೇ ಯಾವುದೇ ಆಪರೇಷನ್ ಆಗಲಿ, ಮುಂಚೆ ಅನಸ್ತೇಷಿಯಾ ಡಾಕ್ಟರಿಗೆ ಎನ್‌ಎಫ್‌1 ಇದೆ ಅಂತ ಹೇಳಲೇಬೇಕು.

ಎರಡನೇ ಮಗುವಿನ ಯೋಚನೆ ಇದ್ದರೆ ಬಸುರಿಯಾಗುವ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ, ಗಂಡನನ್ನೂ ಕರೆದುಕೊಂಡು ಹೋಗಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ.

ವಸಂತಿ, ಮೈಸೂರು

ಮೇಡಂ, ತುಂಬಾ ಉಪಕಾರ. ರೇಖಾ, ಒಂದು ಹೇಳುವುದು ಬಿಟ್ಟುಹೋಗಿತ್ತು. ನಮಗೆ ಮೊಲೆತೊಟ್ಟಿನ ಸುತ್ತಲೂ ಗಂಟುಗಳಿರುತ್ತವೆ. ಮ್ಯಾಮೋಗ್ರಾಂನಲ್ಲಿ ಅವು ಒಳಗಿನ ಗಡ್ಡೆಯ ಥರವೇ ಕಾಣಬಹುದು. ಮಾಡುವ ಮೊದಲೇ ಟೆಕ್ನಿಷಿಯನ್‌ಗೆ ತೋರಿಸು, ಚರ್ಮದ ಗಂಟಿನ ಮೇಲೆ ಗುರುತಿನ ಸ್ಟಿಕ್ಕರ್ ಅಂಟಿಸಲು ಕೇಳು. ಅಲ್ಲಿ ಬಟ್ಟೆ ತೆಗೆಯಲು ನನಗೂ ತುಂಬಾ ಮುಜುಗರ ಆಗುತ್ತಿತ್ತು. ಹೆಂಗಸರೇ ಮಾಡುವ ದಿನ ಯಾವುದು ಅಂತ ಫೋನ್ ಮಾಡಿ ವಿಚಾರಿಸಿ ಹೋಗುತ್ತೇನೆ. ಮೈಸೂರಲ್ಲಿ ಮಾಡಿಸುವುದಾದರೆ ತಿಳಿಸು, ನಾನು ಜೊತೆಗೆ ಬರುತ್ತೇನೆ.