ಹಿಂದಿನ ಚಕ್ರಕ್ಕೂ ಡಿಸ್ಕ್ ಬೇಕಂತೆ!

ಪುಟ್ಟ ರ‍್ಯಾಲಿಗೆ ಇಳಿಯುತ್ತಾನಂತೆ. ತನ್ನ ಚಿಕ್ಕ ಕಾರಿನ ಹಿಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಹಾಕಬೇಕು ಅಂತ ಅವನು ಬಾಯಿಬಿಟ್ಟದ್ದೇ ತಡ, ನಮ್ಮ ಗುಂಪಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತು. ಕಾರೇ ಇಲ್ಲದ ನನಗೆ ಎರಡು.

ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಶೂ ಅನ್ನುವ ಕಮಾನುಗಳು ಒಳಗಿನಿಂದ ಅದನ್ನು ಒತ್ತಿ ನಿಲ್ಲಿಸುತ್ತವೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಎರಡೂ ಬದಿಯಿಂದ ಪ್ಯಾಡ್‌ಗಳು ಅದನ್ನು ಅದುಮುತ್ತವೆ. "ಯಾಕಪ್ಪಾ ಡಿಸ್ಕು?" ಅಂತ ಸೀನ ಕೇಳಿದ. ಸೀನ ಗ್ಯಾರೇಜಿನವನು. ನಮ್ಮ ಪೈಕಿ ಬ್ರೇಕಿನ ವಿಷಯ ಗೊತ್ತಿರುವುದು ಅವನೊಬ್ಬನಿಗೇ. ಹಾಗಾಗಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಾನೆ.

"ಬೇಗ ನಿಲ್ಲುತ್ತೆ ಅಲ್ವಾ?"

"ನಿಲ್ಲಲ್ಲ."

ಪುಟ್ಟನ ಮುಖ ನೋಡಬೇಕಿತ್ತು.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಸೀಮೆಸುಣ್ಣ ಇಲ್ಲದಿದ್ದರೂ ಕೈ ತಾನಾಗಿ ಗೋಡೆ ಕಡೆ ಹೋಯಿತು. "ನೋಡಪ್ಪಾ, ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರ ಮುಂದಕ್ಕೆ ವಾಲುತ್ತೆ. ಮೂತಿ ತಗ್ಗುತ್ತೆ, ಬಾಲ ಏಳುತ್ತೆ. ನಿನ್ನ ಕಾರಿನಲ್ಲಿ ಇಂಜಿನ್ನು, ಗೇರ್‌ಬಾಕ್ಸು ಎಲ್ಲ ಮೊದಲೇ ಮುಂದುಗಡೆ ಇದೆ. ಹಿಂದಿನ ಟೈರಿಗೆ ಹಿಡಿತ ಉಳಿಯೋದು ಅಷ್ಟಕ್ಕಷ್ಟೆ. ಜೋರಾಗಿ ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸವೆಲ್ಲ ಮುಂದಿನ ಚಕ್ರದ್ದೇ. ಹಿಂದಿನ ಚಕ್ರ ಲಾಕ್ ಮಾಡೋಕೆ, ಅಂದರೆ ತಿರುಗದ ಹಾಗೆ ಹಿಡಿಯೋಕೆ, ಡ್ರಮ್ಮೇ ಸಾಕು. ಲಾಕ್ ಆದಮೇಲೆ ಡಿಸ್ಕಾದರೇನು, ಡ್ರಮ್ಮಾದರೇನು? ಜಾರೋದು ಟೈರು."

"ಮತ್ತೆ ದೊಡ್ಡ ರ‍್ಯಾಲಿಗಳಲ್ಲೆಲ್ಲ ಹಿಂದೆಯೂ ಡಿಸ್ಕ್ ಇರುತ್ತಲ್ಲ ಮೇಷ್ಟ್ರೇ?"

"ಮಾಂಟೆ ಕಾರ್ಲೊ ರ‍್ಯಾಲಿ ಗೊತ್ತಾ? 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಗೆದ್ದ. 1965ರಲ್ಲಿ ಟಿಮೊ ಮ್ಯಾಕಿನೆನ್. 1967ರಲ್ಲಿ ರೌನೊ ಆಲ್ಟೊನೆನ್. ಮೂವರದೂ ಮಿನಿ ಕೂಪರ್ ಎಸ್. ಮುಂದೆ ಡಿಸ್ಕು. ಹಿಂದೆ?"

"ಡಿಸ್ಕು" ಅಂದೆ ನಾನು, ಉತ್ಸಾಹದಿಂದ.

"ಡ್ರಮ್ಮು."

ಪುಟ್ಟ ಅಷ್ಟಕ್ಕೆಲ್ಲ ಸೋಲುವವನಲ್ಲ. "ನಡುವೆ 1966 ಯಾಕೆ ಬಿಟ್ಟಿರಿ? ಆ ವರ್ಷ ಡ್ರಮ್ ಕೈಕೊಟ್ಟಿರಬೇಕು."

"ಆ ವರ್ಷವೂ ಮೊದಲು ಬಂದದ್ದು ಮಿನಿಯೇ. ಹೆಡ್‌ಲೈಟ್ ನಿಯಮದ ಪ್ರಕಾರ ಇಲ್ಲ ಅಂತ ಹೊರಗೆ ಹಾಕಿದರು. ಡ್ರಮ್ಮಿನ ತಪ್ಪೇನಿಲ್ಲ."

ಇಷ್ಟು ಹೊತ್ತಿಗೆ ಸೀನ ಒಂದು ಡ್ರಮ್ ಬಿಚ್ಚಿ ಕೈಗೆ ತಗೊಂಡಿದ್ದ. ಅದನ್ನು ಬೋರಲು ಮಾಡಿ ನೆಲಕ್ಕೆ ಕುಟ್ಟಿದ. ಕಪ್ಪು ಪುಡಿ, ಒಂದು ಹಿಡಿ ಒಣಮಣ್ಣು, ಅದರ ಜೊತೆ ಎರಡು ಸಣ್ಣ ಕಲ್ಲು ಉದುರಿದವು. ಪುಟ್ಟ ಬಗ್ಗಿ ಒಳಗೆ ಊದಲು ಹೋದ. ಸೀನ ಅವನ ಕಾಲರ್ ಹಿಡಿದು ಹಿಂದಕ್ಕೆಳೆದ. "ಊದಬೇಡ ಮಾರಾಯ! ಶೂ ಮೇಲಿನ ಹಳೇ ಲೈನರಿನಲ್ಲಿ ಕಲ್ನಾರು ಇದ್ದರೂ ಇರಬಹುದು. ಶ್ವಾಸಕೋಶಕ್ಕೆ ಒಳ್ಳೇದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸು."

ಆಮೇಲೆ ಆ ಕಲ್ಲು ತೋರಿಸಿ ಹೇಳಿದ. "ಡಿಸ್ಕ್ ದಂಡ ಅಂತ ನಾನು ಹೇಳಲಿಲ್ಲ. ಡ್ರಮ್ ಅನ್ನೋದು ಮುಚ್ಚಿದ ಡಬ್ಬಿ. ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರಲ್ಲ. ಮಣ್ಣಿನ ದಾರಿಯಲ್ಲಿ ಮಣ್ಣು, ಹಳ್ಳ ದಾಟಿದರೆ ನೀರು. ಲೈನರ್ ಒಣಗುವ ತನಕ ಬ್ರೇಕ್ ಇದ್ದೂ ಇಲ್ಲದ ಹಾಗೆ. ಡಿಸ್ಕ್ ಬಯಲಲ್ಲಿ ಇರೋದರಿಂದ ನೀರು ಬೇಗ ಹಾರಿಹೋಗುತ್ತೆ. ಬಿಸಿ ಆದಾಗಲೂ ಅಷ್ಟೆ. ಡ್ರಮ್ ಕಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಪೆಡಲ್ ಕೆಳಗೆ ಹೋಗುತ್ತೆ. ಡಿಸ್ಕ್ ಕಾದರೆ ದಪ್ಪ ಆಗಿ ಪ್ಯಾಡ್ ಕಡೆಗೇ ಬರುತ್ತೆ. ಬೇಗ ನಿಲ್ಲೋದಲ್ಲ ಪುಟ್ಟಾ, ಮೊದಲನೇ ತಿರುವಿನಲ್ಲಿ ನಿಂತ ಹಾಗೇ ಕೊನೇ ತಿರುವಿನಲ್ಲೂ ನಿಲ್ಲೋದು. ಅದಕ್ಕೆ ಡಿಸ್ಕು."

"ನಾನೂ ಅದನ್ನೇ ಹೇಳಿದ್ದು" ಅಂದ ಪುಟ್ಟ. ಹೇಳಿರಲಿಲ್ಲ.

ನಿಯಮದ ಪುಸ್ತಕ ನೋಡಿದ್ದೀಯಾ ಅಂತ ಮೇಷ್ಟ್ರು ಕೇಳಿದರು. ಕಂಪನಿಯಿಂದ ಬಂದ ಬ್ರೇಕೇ ಇರಬೇಕು ಅನ್ನುವ ಕ್ಲಾಸುಗಳೂ ಇರುತ್ತವೆ. ನೋಡಿದ್ದೇನೆ, ನನ್ನ ಕ್ಲಾಸಿನಲ್ಲಿ ಬಿಡುತ್ತಾರೆ ಅಂದ. ನಂಬಿದೆವು.

"ಹಾಗಾದರೆ ಪ್ಯಾಡ್ ಅದುಮುವ ಕ್ಯಾಲಿಪರ್ ತಂದು ಬೋಲ್ಟ್ ಬಿಗಿದರೆ ಮುಗೀತು ಅಲ್ವಾ?"

"ಅಲ್ಲಿಂದ ಶುರು" ಅಂದ ಸೀನ. "ಬ್ರಾಕೆಟ್ ಮಾಡಿಸಬೇಕು. ಡಿಸ್ಕ್ ಕ್ಯಾಲಿಪರಿನ ಸರಿ ನಡುವೆ ಕೂರಬೇಕು. ಚಕ್ರ ಹಾಕಿ ಕೈಯಲ್ಲಿ ತಿರುಗಿಸಿ ನೋಡಬೇಕು, ಎಲ್ಲೂ ತಾಗಬಾರದು. ಮಣ್ಣಿನ ರ‍್ಯಾಲಿಗೆ ರಿಮ್ ಚಿಕ್ಕದು. ರಿಮ್ಮಿಗೂ ಕ್ಯಾಲಿಪರಿಗೂ ನಡುವೆ ಜಾಗ ಕಡಿಮೆ ಇದ್ದು ಅಲ್ಲೊಂದು ಕಲ್ಲು ಸಿಕ್ಕಿಕೊಂಡರೆ ರಿಮ್ ಒಳಗಿಂದಲೇ ಕೆತ್ತಿಹೋಗುತ್ತೆ. ಇದೆಲ್ಲ ಕಣ್ಣಿಗೆ ಕಾಣುವ ಕೆಲಸ, ಬಿಡು. ಕಾಣದೇ ಇರೋದು ಪೆಡಲಿನ ಒತ್ತಡವನ್ನ ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲಿನ ಕೆಲಸ."

ಮೇಷ್ಟ್ರಿಗೆ ಮತ್ತೆ ಜೀವ ಬಂತು. "ಡ್ರಮ್ಮಿನಲ್ಲಿ ಒಂದು ಶೂ ಚಕ್ರ ತಿರುಗುವ ಜೋರಿಗೆ ತಾನೇ ಎಳೆದುಕೊಂಡು ಹೋಗಿ ಕಚ್ಚುತ್ತೆ. ಡಿಸ್ಕಿಗೆ ಆ ಗುಣ ಇಲ್ಲ. ಅದಕ್ಕೇ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್. 17 ಮಿ.ಮೀ. ಇದ್ದ ಕಡೆ 34 ಮಿ.ಮೀ. ಬಂತು ಅಂತಿಟ್ಟುಕೋ. ವ್ಯಾಸ ಎರಡರಷ್ಟು. ವಿಸ್ತೀರ್ಣ ಎಷ್ಟರಷ್ಟು?"

"ಎರಡರಷ್ಟು" ಅಂದೆ.

ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. "ನಾಲ್ಕರಷ್ಟು. ಆಯಿಲ್ ಜಾಸ್ತಿ ತಳ್ಳಬೇಕಾದರೆ ಪೆಡಲ್ ತುಳಿದಾಗ ಅದನ್ನ ತಳ್ಳೋ ಮಾಸ್ಟರ್ ಸಿಲಿಂಡರ್, ಈಗ ಇರೋದು, ಸಾಲದೆ ಹೋಗಬಹುದು. ಪೆಡಲ್ ನೆಲಕ್ಕೆ ಬರುತ್ತೆ."

"ದೊಡ್ಡ ಮಾಸ್ಟರ್ ಹಾಕ್ತೀನಿ."

"ಪೆಡಲ್ ಗಟ್ಟಿ ಆಗುತ್ತೆ. ಎರಡು ಕಾಲಲ್ಲಿ ತುಳೀಬೇಕು."

"ಮಧ್ಯದ್ದು ಹಾಕ್ತೀನಿ."

"ಈಗ ದಾರಿಗೆ ಬಂದೆ."

"ಹಳೇ ಕಾರಾದರೆ ಇನ್ನೊಂದು ತರಲೆ ಇದೆ" ಅಂತ ಸೀನ ಸೇರಿಸಿದ. "ಡ್ರಮ್ಮಿನ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳೋಕೆ ಒಂದು ಪುಟಾಣಿ ವಾಲ್ವ್ ಇರುತ್ತೆ. ಅದನ್ನ ತೆಗೆಯದೆ ಡಿಸ್ಕ್ ಹಾಕಿದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಲೇ ಇರುತ್ತೆ. ಡಿಸ್ಕ್ ಕಾಯುತ್ತೆ, ಆಯಿಲ್ ಕುದಿಯುತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ತನಕ ತಡೆಯುತ್ತೆ. ತೇವ ಎಳೆದುಕೊಂಡು ಹಳೇದಾದರೆ 155ಕ್ಕೇ ಕುದಿಯಬಹುದು. ಕುದ್ದು ಗುಳ್ಳೆ ಎದ್ದರೆ ಪೆಡಲ್ ತುಳಿದರೂ ಗುಳ್ಳೆಯೇ ಅದುಮೋದು, ಬ್ರೇಕ್ ಹಿಡಿಯಲ್ಲ."

ಇನ್ನು ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವ ಲೆಕ್ಕ. ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲೇ ಇದೆ. ಡಿಸ್ಕ್ ಹಾಕೋದು ಸುಲಭ, ಅದನ್ನು ಹದ್ದಿನಲ್ಲಿ ಇಡೋದು ಕಷ್ಟ. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತೆ. ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸೋಕೆ ಡ್ರಮ್ಮಿಗೆ ಅಂತ ಹೊಂದಿಸಿದ ವಾಲ್ವ್ ಡಿಸ್ಕಿಗೆ ಹೊಂದುತ್ತೆ ಅಂತ ನಂಬುವ ಹಾಗಿಲ್ಲ. ಹಿಂದಿನ ಒತ್ತಡವನ್ನು ಕೈಯಿಂದ ಹೆಚ್ಚು ಕಡಿಮೆ ಮಾಡುವ ವಾಲ್ವ್ ಹಾಕಿ, ಖಾಲಿ ಜಾಗದಲ್ಲಿ ಓಡಿಸಿ, ಮುಂದಿನದೇ ಮೊದಲು ಲಾಕ್ ಆಗುವ ಹಾಗೆ ಹೊಂದಿಸಬೇಕು.

"ಆ ವಾಲ್ವಿನ ತಿರುಪು ನನ್ನ ಕೈಗೆ ಸಿಗುವ ಹಾಗೆ ಇಡು" ಅಂದ ಪುಟ್ಟ.

"ಅದಕ್ಕೇ ಇಡಲ್ಲ" ಅಂದ ಸೀನ.

"ಹ್ಯಾಂಡ್ ಬ್ರೇಕಾದರೂ ಕೊಡ್ತೀಯೋ ಇಲ್ವೋ? ಹೇರ್‌ಪಿನ್ ತಿರುವಿನಲ್ಲಿ ಒಂದು ಸಲ ಎಳೆದರೆ ಬಾಲ ಸುತ್ತಿ ಬರಬೇಕು!"

ಅದಕ್ಕೆ ಆಯಿಲ್ ಹ್ಯಾಂಡ್ ಬ್ರೇಕ್, ಅಂದರೆ ಹೈಡ್ರಾಲಿಕ್ಕು. ಹಿಂದಿನ ಪೈಪ್ ಕತ್ತರಿಸಿ ನಡುವೆ ಸೇರಿಸೋದು. ಆದರೆ ಎಷ್ಟೋ ಚಿಕ್ಕ ಕಾರುಗಳಲ್ಲಿ ಪೈಪು ಅಡ್ಡಡ್ಡ ಹೋಗಿರುತ್ತೆ. ಎಡ ಮುಂದಿನದಕ್ಕೆ ಬಲ ಹಿಂದಿನದು ಜೋಡಿ, ಬಲ ಮುಂದಿನದಕ್ಕೆ ಎಡ ಹಿಂದಿನದು. ಒಂದೇ ಪೈಪಿಗೆ ಹಾಕಿ ಎಳೆದರೆ ಒಂದೇ ಚಕ್ರ ಲಾಕ್. ಎರಡೂ ಪೈಪಿಗೆ ಹೊಂದುವ ಜೋಡಿ ಸಿಲಿಂಡರ್ ಬೇಕು, ಇಲ್ಲವೇ ಇಡೀ ಪೈಪ್ ಹೊಸದಾಗಿ ಎಳೆಯಬೇಕು.

"ನಿಲ್ಲಿಸಿ ಹೋದಾಗಲೂ ಅದೇ ಹಿಡಿದಿರುತ್ತಾ?"

"ಆಯಿಲ್ ಒತ್ತಡ ನಿಧಾನಕ್ಕೆ ಇಳಿಯುತ್ತೆ. ಕೇಬಲ್ ಹ್ಯಾಂಡ್ ಬ್ರೇಕೂ ಇರಲಿ. ಇಳಿಜಾರಿನಲ್ಲಿ ನಿನಗಿಂತ ಮೊದಲು ಕಾರು ಮನೆ ಸೇರಬಾರದು ನೋಡು."

ಪುಟ್ಟ ಎದ್ದು ಡಿಕ್ಕಿ ತೆಗೆದ. ಇಷ್ಟೆಲ್ಲ ಮಾತಿಗೆ ಮುಂಚೆಯೇ ಮಹಾರಾಯ ಎರಡು ಕ್ಯಾಲಿಪರ್ ತಂದಿಟ್ಟಿದ್ದ! ಸೀನ ಒಂದನ್ನು ಈ ಕೈಯಲ್ಲಿ, ಇನ್ನೊಂದನ್ನು ಆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮತ್ತೆ ನೋಡಿದ.

"ಎರಡೂ ಎಡಗಡೆಯವು."

"ಒಂದನ್ನ ತಿರುಗಿಸಿ ಬಲಗಡೆ ಹಾಕಿದರಾಗಲ್ವಾ?"

"ಹಾಕಬಹುದು. ಏರ್ ಬಿಡುವ ನಿಪ್ಪಲ್ ಕೆಳಗೆ ಬರುತ್ತೆ, ಏರ್ ಮೇಲೇ ಉಳಿಯುತ್ತೆ. ಏರ್ ತೆಗೆಯೋಕೆ ಕಾರನ್ನ ಬೋರಲು ಹಾಕಬೇಕು, ಅಷ್ಟೆ."

"ರ‍್ಯಾಲಿಗೆ ತಾನೇ ಹೋಗ್ತಿರೋದು" ಅಂದೆ ನಾನು. "ಅದೂ ಆಗಬಹುದು, ಕಾಯೋಣ."