ಕಮಿಟಿಯ ಕಣ್ಣು, ಕರಾವಳಿಯ ಸೆಕೆ

ಪರದೇಶದಲ್ಲಿ ಧರ್ಮಪ್ರಚಾರ ಮಾಡುವ ಮಿಶನರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದು ಕಾಡು, ಕಾಡಿನಲ್ಲೊಂದು ಸಿಂಹ, ಸಿಂಹದೆದುರು ಧರ್ಮಗ್ರಂಥ ಹಿಡಿದು ನಿಂತ ಒಬ್ಬ ಗಡ್ಡದ ದೊರೆ. ಚಿತ್ರ ಪೂರ್ತಿ ಸುಳ್ಳೇನಲ್ಲ. 1844ರಲ್ಲಿ ದಕ್ಷಿಣ ಆಫ್ರಿಕದ ಮಬೋತ್ಸಾದಲ್ಲಿ ಡೇವಿಡ್ ಲಿವಿಂಗ್‌ಸ್ಟನ್ನನ ಎಡತೋಳಿನ ಮೂಳೆಯನ್ನು ಸಿಂಹವೊಂದು ನಿಜವಾಗಿಯೂ ಮುರಿದಿತ್ತು. ಆದರೆ ನಮ್ಮ ಸಂಜೆಯ ಹರಟೆಯಲ್ಲಿ ಈ ಮಾತು ಬಂದಾಗ ಇತಿಹಾಸದ ಮೇಷ್ಟ್ರು ಸಿಂಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ಸಿಂಹ ಕಡಿಯುವುದು ಒಂದು ಸಲ, ಅವನನ್ನು ಕಳುಹಿಸಿ ಊರಲ್ಲಿ ಕುಳಿತ ಕಮಿಟಿ ಕಡಿಯುವುದು ಸೇವೆ ಮುಗಿಯುವವರೆಗೆ” ಎಂದು ಅವರು ತೀರ್ಪು ಕೊಟ್ಟರು. ಬ್ಯಾಂಕಿನಲ್ಲಿ ವರ್ಗಾವಣೆಗಳನ್ನೇ ಉಂಡು ನಿವೃತ್ತರಾದ ಮ್ಯಾನೇಜರು, ಇದುವರೆಗೆ ಅರೆನಿದ್ದೆಯಲ್ಲಿದ್ದವರು, ಈ ಮಾತಿಗೆ ನೆಟ್ಟಗೆ ಕುಳಿತರು.

ಮೇಷ್ಟ್ರು ಉದಾಹರಣೆಗೆ ದೂರವೇನೂ ಹೋಗಲಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಕತೆಯನ್ನೇ ಎತ್ತಿಕೊಂಡರು. ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ನೆಲದ ಬಾಗಿಲು 1833ರ ಸನದಿನಿಂದ ತೆರೆದದ್ದೇ ತಡ, ಮರುವರ್ಷವೇ ಹೆಬಿಕ್, ಲೆನರ್ ಮತ್ತು ಗ್ರೈನರ್ ಎಂಬ ಮೂವರು ಹಡಗು ಹತ್ತಿ, ಗುಡ್‌ಹೋಪ್ ಭೂಶಿರವನ್ನು ಬಳಸಿ, ತಿಂಗಳುಗಟ್ಟಲೆ ಅಲೆಗಳ ಮೇಲೆ ಹೊರಳಾಡಿ, ಅಕ್ಟೋಬರ್ ಕೊನೆಗೆ ಮಂಗಳೂರು ಸೇರಿದರು.

“ಜಾಯಿನಿಂಗ್ ಟೈಮ್ ಎಷ್ಟು ಕೊಟ್ಟಿದ್ದರು?” ಎಂದು ಮ್ಯಾನೇಜರು ಕೇಳಿದರು. ತಮಗೆ ಒಮ್ಮೆ ಏಳು ದಿನ ಕೊಟ್ಟು, ಅದರಲ್ಲೂ ಒಂದು ಭಾನುವಾರವನ್ನು ನುಂಗಿಹಾಕಿದ್ದರೆಂಬ ದುಃಖ ಅವರಿಗಿನ್ನೂ ಆರಿಲ್ಲ.

ಇಳಿದವರಿಗೆ ಮೊದಲು ಎದುರಾದದ್ದು ಧರ್ಮದ ಸಮಸ್ಯೆಯಲ್ಲ, ಮಾತಿನದು. ಕಚೇರಿಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ದೊರೆಗಳ ಬಂಗಲೆಯಲ್ಲಿ ಇಂಗ್ಲಿಷ್. ಬಂದವರೋ ಬಹುಪಾಲು ವೂರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಇಂಗ್ಲಿಷ್ ಕೂಡ ಅವರಿಗೆ ಕಲಿತು ಬರಬೇಕಾದ ಪರಭಾಷೆಯೇ. ದಪ್ಪ ಕರಿ ಕೋಟು ಹಾಕಿಕೊಂಡು, ಜಗಲಿಯಲ್ಲಿ ಮುನ್ಶಿಯ ಎದುರು ಕುಳಿತು, ಬೆವರು ಒರೆಸಿಕೊಳ್ಳುತ್ತ “ಳ” ಮತ್ತು “ಣ” ಅಕ್ಷರಗಳಿಗೆ ನಾಲಗೆ ಮಡಿಸುವ ಆ ಗಂಭೀರ ಯುವಕರನ್ನು ನಾವು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ನೋಡಿದೆವು. ಮುನ್ಶಿಗೆ ನಗು ತಡೆದುಕೊಳ್ಳುವುದಕ್ಕೇ ಪ್ರತ್ಯೇಕ ಸಂಬಳ ಕೊಡಬೇಕಾಗಿತ್ತೆಂದು ಡಾಕ್ಟರಮ್ಮ ಅಭಿಪ್ರಾಯಪಟ್ಟರು.

“ಸೆಕೆ, ಜ್ವರ, ನಾಲಗೆ ಇವೆಲ್ಲ ಒಂದೆರಡು ಮಳೆಗಾಲಕ್ಕೆ ಹದಕ್ಕೆ ಬರುತ್ತವೆ. ಬಾಸೆಲ್ಲಿನ ಕಮಿಟಿ ಮಾತ್ರ ಹದಕ್ಕೆ ಬರುವ ವಸ್ತುವಲ್ಲ” ಎಂದು ಮೇಷ್ಟ್ರು ಮುಖ್ಯ ವಿಷಯಕ್ಕೆ ಬಂದರು. ಎಲ್ಲಿ ಮನೆ ಕಟ್ಟಬೇಕು, ಯಾರು ಯಾವ ಠಾಣೆಯಲ್ಲಿರಬೇಕು, ಎಷ್ಟು ಖರ್ಚು ಮಾಡಬೇಕು, ಎಲ್ಲಕ್ಕೂ ಅಪ್ಪಣೆ ಬೇಕು. ವರದಿ ತಪ್ಪದೆ ಹೋಗಬೇಕು. ಅಷ್ಟು ಸಾಲದೆಂದು ಜೊತೆಯ ಸಹೋದರನು ದಾರಿ ತಪ್ಪಿದಂತೆ ಕಂಡರೆ ಅದನ್ನೂ ಮೇಲಕ್ಕೆ ತಿಳಿಸುವುದು ಪ್ರೀತಿಯ ಕರ್ತವ್ಯವೆಂಬ ತರಬೇತಿ ಅವರಿಗೆ ಸೆಮಿನರಿಯಲ್ಲೇ ಸಿಕ್ಕಿರುತ್ತಿತ್ತು. ಆ ಕಾಗದಗಳೆಲ್ಲ ಇಂದಿಗೂ ಬಾಸೆಲ್ಲಿನ ದಫ್ತರಖಾನೆಯಲ್ಲಿ ಭದ್ರವಾಗಿವೆ.

ಮ್ಯಾನೇಜರಿಗೆ ಇದು ಪರಿಚಿತ ಪ್ರದೇಶ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತವೆ. “ಮಾಡು ಸೋರುತ್ತಿದೆ, ದುರಸ್ತಿಗೆ ಅಪ್ಪಣೆ ಬೇಕು ಎಂದು ಜೂನ್ ತಿಂಗಳಲ್ಲಿ ಬರೆದ ಬಡಪಾಯಿಗೆ, ಅಂದಾಜುಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಕಳುಹಿಸತಕ್ಕದ್ದು ಎಂಬ ಉತ್ತರ ಫೆಬ್ರವರಿಯಲ್ಲಿ ಬಂದಿರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ” ಎಂದು ಅವರು ಸವಾಲು ಹಾಕಿದರು. ಇದಕ್ಕೆ ದಾಖಲೆಯೇನೂ ಇಲ್ಲವೆಂದು ಮೇಷ್ಟ್ರು ಆಕ್ಷೇಪಿಸಿದರೆ, ಮನುಷ್ಯಸ್ವಭಾವಕ್ಕೆ ದಾಖಲೆ ಏಕೆ ಬೇಕೆಂದು ಇವರು. ಮೇಷ್ಟ್ರು ಆಗ ಒಂದು ಗಟ್ಟಿ ಸಂಗತಿಯನ್ನೇ ಹೊರತೆಗೆದರು. ಬಾಸೆಲ್ ಮಿಶನ್ನಿನ ಮುಖ್ಯಸ್ಥರ ಹುದ್ದೆಯ ಹೆಸರೇ ಇನ್‌ಸ್ಪೆಕ್ಟರ್. 1850ರಲ್ಲಿ ಆ ಹುದ್ದೆಗೆ ಬಂದ ಯೋಸೆನ್‌ಹಾನ್ಸ್ ಎಂಬ ಮಹಾ ಶಿಸ್ತಿನ ಮನುಷ್ಯ, ಕುರ್ಚಿ ಬೆಚ್ಚಗಾಗುವ ಮೊದಲೇ, 1851–52ರಲ್ಲಿ, ಹಡಗು ಹತ್ತಿ ಭಾರತದ ಠಾಣೆಗಳನ್ನು ತಪಾಸಣೆ ಮಾಡಲು ಖುದ್ದಾಗಿ ಬಂದುಬಿಟ್ಟ.

“ಅಯ್ಯೋ ದೇವರೇ” ಎಂದರು ಮ್ಯಾನೇಜರು. ಸಿಂಹದ ವಿಷಯಕ್ಕೆ ಅವರು ಹೀಗೆ ನಡುಗಿರಲಿಲ್ಲ.

ಆದರೆ ಅಪ್ಪಣೆಗಳಲ್ಲೆಲ್ಲ ದೊಡ್ಡ ಅಪ್ಪಣೆ ಮದುವೆಯದು. ಬಾಸೆಲ್ಲಿನ ಮಿಶನರಿ ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಕೆಲವು ವರ್ಷ ಸೇವೆ ಮಾಡಿ ತನ್ನ ಯೋಗ್ಯತೆ ತೋರಿಸಿದ ಮೇಲೆ ಮದುವೆಗೆ ಅರ್ಜಿ ಹಾಕಬಹುದು. ಅರ್ಜಿ ಮಂಜೂರಾದರೆ ಊರಿನಲ್ಲಿ ಹೆಣ್ಣು ಹುಡುಕುವ ಕೆಲಸ ಬಂಧುಗಳದೂ ಕಮಿಟಿಯದೂ. ಹುಡುಗಿಯ ಭಕ್ತಿ, ಆರೋಗ್ಯ, ಮನೆತನ ಎಲ್ಲದರ ವಿಚಾರಣೆ ನಡೆದು, ಒಪ್ಪಿಗೆಯಾದರೆ, ಎಷ್ಟೋ ಸಲ ವರನ ಮುಖವನ್ನೇ ಕಾಣದ ಆಕೆ ಪೆಟ್ಟಿಗೆ ಕಟ್ಟಿಕೊಂಡು ಕಡಲು ದಾಟಿ ಬರುತ್ತಿದ್ದಳು. ಇತ್ತ ವರ ಮಹಾಶಯನು ಬಂದರಿಗೆ ಹೋಗಿ, ಹಡಗಿನಿಂದಿಳಿಯುವ ಹೆಂಗಸರಲ್ಲಿ ತನ್ನವಳು ಯಾರೆಂದು ಊಹಿಸುತ್ತ ನಿಂತಿರಬೇಕು.

“ನಮ್ಮಲ್ಲಿ ಜಾತಕ ನೋಡುವವರನ್ನು ಹಿಂದುಳಿದವರೆಂದು ಬೈದು ಬರೆದವರು ಇವರೇ ತಾನೆ?” ಎಂದು ಸೊಸೈಟಿಯ ಸೆಕ್ರೆಟರಿಗಳು ಮೆಲ್ಲಗೆ ಕೇಳಿದರು. ಅವರು ಸ್ವತಃ ಕ್ರೈಸ್ತರು. ಅಣ್ಣನ ಮಗ ಜರ್ಮನಿಯಲ್ಲಿ ಪಾದ್ರಿ. ಆದ್ದರಿಂದ ಈ ಪ್ರಶ್ನೆ ಕೇಳುವ ಹಕ್ಕು ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚೆಂದು ನಾವು ಸುಮ್ಮನಿದ್ದೆವು.

ಡಾಕ್ಟರಮ್ಮನವರು ಸುಮ್ಮನಿರಲಿಲ್ಲ. “ನೀವೆಲ್ಲ ಬಂದರಿನಲ್ಲಿ ನಿಂತ ಗಂಡಸಿನ ಪಾಡಿಗೇ ಮರುಗುತ್ತಿದ್ದೀರಿ. ತಿಂಗಳುಗಟ್ಟಲೆ ವಾಂತಿ ಮಾಡಿಕೊಂಡು ಬಂದು, ದಡದಲ್ಲಿ ಜ್ವರದಿಂದ ಸೊರಗಿದ ಅಪರಿಚಿತನೊಬ್ಬನನ್ನು ಕಂಡು, ಇವರೇ ನನ್ನ ಯಜಮಾನರೋ ಎಂದು ನಿಂತವಳ ವರದಿಯನ್ನು ಯಾವ ಕಮಿಟಿ ಕೇಳಿತು?” ಎಂದರು. ಮೇಷ್ಟ್ರಿಗೆ ಇದಕ್ಕೆ ಉತ್ತರ ಸಿಗದೆ, ಮೋಗ್ಲಿಂಗನ ಉದಾಹರಣೆ ಕೊಟ್ಟು ಪಾರಾಗಲು ನೋಡಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಸುಮಾರು ಎರಡು ದಶಕ ಒಂಟಿಯಾಗಿಯೇ ಇದ್ದು, ಕೊನೆಗೆ ಇಲ್ಲಿಯೇ ಮಿಶನರಿಯಾಗಿದ್ದ ತನ್ನ ಬಂಧು ವೈಗ್ಲೆ ತೀರಿಕೊಂಡ ಮೇಲೆ ಆತನ ವಿಧವೆಯನ್ನೇ ಮದುವೆಯಾದ. “ಹಡಗಿನ ಖರ್ಚೂ ಉಳಿಯಿತು” ಎಂದು ಮ್ಯಾನೇಜರು ಹೇಳಿ ಡಾಕ್ಟರಮ್ಮನವರಿಂದ ಒಂದು ನೋಟಕ್ಕೆ ಗುರಿಯಾದರು.

ಇಷ್ಟು ನಗೆಯ ನಡುವೆ ನಗಲಾಗದ ಒಂದು ವಿಷಯವೂ ಬಂತು. ಮಿಶನರಿಗಳ ಮಕ್ಕಳನ್ನು ಶಾಲೆಗೆ ಹೋಗುವ ವಯಸ್ಸು ಬರುವ ಹೊತ್ತಿಗೆ ಯುರೋಪಿಗೆ ಕಳುಹಿಸಿಬಿಡಬೇಕೆಂಬ ನಿಯಮವನ್ನು 1853ರಲ್ಲಿ ಮಾಡಲಾಯಿತು; ಅವರನ್ನು ಇರಿಸಿಕೊಳ್ಳಲು ಬಾಸೆಲ್ಲಿನಲ್ಲಿ ಒಂದು ಮಕ್ಕಳ ಮನೆಯೇ ಇತ್ತು. ಎಷ್ಟೋ ಮಕ್ಕಳು ತಂದೆತಾಯಿಯರನ್ನು ಮತ್ತೆ ಕಂಡದ್ದು ವರ್ಷಗಳ ಮೇಲೆ. ಕೆಲವರು ಕಾಣಲೇ ಇಲ್ಲ. ಮಲೆಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟನ ಮಗಳು ಮಾರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಆಕೆಯನ್ನೂ ಎಳೆಯ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ಬಂದಿದ್ದರು. ಆಕೆಯ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಊರೂರಿಗೆ ದೇವರ ಪ್ರೀತಿಯನ್ನು ಸಾರಲು ಬಂದವರು ತಮ್ಮ ಮಕ್ಕಳಿಗೆ ಪ್ರೀತಿಯನ್ನು ಅಂಚೆಯಲ್ಲಿ ಕಳುಹಿಸಬೇಕಾಯಿತು ಎಂದು ಡಾಕ್ಟರಮ್ಮ ಹೇಳಿದಾಗ ಮ್ಯಾನೇಜರು ಕೂಡ ಬಾಯಿ ತೆರೆಯಲಿಲ್ಲ. ಅವರ ಮಗಳು ಎರಡು ವರ್ಷ ಅಜ್ಜಿಯ ಮನೆಯಲ್ಲಿ ಬೆಳೆದವಳು.

ಮೌನವನ್ನು ಮುರಿಯಲು ಮೇಷ್ಟ್ರು ಮಲಸಮುದ್ರಕ್ಕೆ ಹೊರಟರು. 1840ರ ಆಸುಪಾಸಿನಲ್ಲಿ ಧಾರವಾಡ ಸೀಮೆಯ ಕೆಲವು ಕಾಲಜ್ಞಾನದವರು ಮಿಶನರಿಗಳ ಬಳಿ ಬಂದು, ಪರದೇಶದ ಗುರುಗಳು ಬರುವರೆಂದು ತಮ್ಮ ಹೊತ್ತಗೆಗಳಲ್ಲೇ ಹೇಳಿದೆಯೆಂದೂ ತಮ್ಮವರು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರುವರೆಂದೂ ನಂಬಿಸಿದರು. ವರ್ಷಗಟ್ಟಲೆ ಒಂದೊಂದು ತಲೆ ಎಣಿಸುತ್ತಿದ್ದವರಿಗೆ ಇದಕ್ಕಿಂತ ಸಿಹಿಸುದ್ದಿ ಯಾವುದಿದ್ದೀತು? ಬರುವವರಿಗಾಗಿ ಗದಗದ ಬಳಿಯ ಮಲಸಮುದ್ರದಲ್ಲಿ ನೆಲ ಪಡೆದು 1841ರಲ್ಲಿ ಒಂದು ನೆಲೆಯನ್ನೇ ಸಿದ್ಧಪಡಿಸಿದರು. ಮನೆ ಸಿದ್ಧವಾಯಿತು, ಹೊಲ ಸಿದ್ಧವಾಯಿತು, ಜನ ಮಾತ್ರ ಬರಲಿಲ್ಲ. ಇದನ್ನು ಕಮಿಟಿಗೆ ಯಾವ ಪದಗಳಲ್ಲಿ ಬರೆದರೋ ಎಂದು ನಾವು ತುಂಬ ಹೊತ್ತು ಊಹಿಸಿದೆವು. “ನಿರೀಕ್ಷಿತ ವ್ಯವಹಾರ ಮುಂದಿನ ತ್ರೈಮಾಸಿಕದಲ್ಲಿ ಕೈಗೂಡುವ ಸಂಭವವಿದೆ” ಎಂಬ ಮ್ಯಾನೇಜರ ಕರಡು ಸರ್ವಾನುಮತದಿಂದ ಅಂಗೀಕಾರವಾಯಿತು.

ಇನ್ನು ಸಂತೋಷದ ಪಾಲು. ಇಲ್ಲಿ ನನಗೊಂದು ವಿಚಾರ ಹೊಳೆದದ್ದನ್ನು ಹೇಳಿದೆ: ಯಾವುದಕ್ಕೆ ಬಂದರೋ ಅದು ತೆವಳುತ್ತಿದ್ದಾಗ, ಅದರ ಪಕ್ಕದಲ್ಲಿ ಮಾಡಿದ ಕೆಲಸ ಓಡಿತು. ಮೋಗ್ಲಿಂಗ್ 1843ರ ಜುಲೈ 1ರಂದು “ಮಂಗಳೂರ ಸಮಾಚಾರ”ವನ್ನು ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅಚ್ಚಾದದ್ದು ಕಲ್ಲಚ್ಚಿನಲ್ಲಿ. ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು, ಮೇಲೆ ನೀರು ಸವರಬೇಕು, ಬಳಿಕ ಉರುಳೆಯಿಂದ ಮಸಿ ಹಚ್ಚಿದರೆ ಅದು ಒದ್ದೆ ಕಲ್ಲನ್ನು ಬಿಟ್ಟು ಜಿಡ್ಡಿನ ಅಕ್ಷರಕ್ಕೆ ಮಾತ್ರ ಹಿಡಿಯಬೇಕು, ಆಮೇಲೆ ಒಂದೊಂದೇ ಹಾಳೆಯನ್ನು ಒತ್ತಿ ತೆಗೆಯಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ ನೀರು ಸವರುವ ಕೆಲಸವನ್ನು ಪ್ರಕೃತಿಯೇ ವಹಿಸಿಕೊಂಡಿತ್ತೇನೋ. ಕಾಗದ ಒಣಗಿಸುವವನ ಪಾಡನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಊರ ಸುದ್ದಿ, ಸರಕಾರಿ ನಿರೂಪ, ಕತೆ, ದಾಸರ ಪದ ಎಲ್ಲ ಅದರಲ್ಲಿದ್ದವು. ಪಾದ್ರಿಯ ಪತ್ರಿಕೆಯಲ್ಲಿ ದಾಸರ ಪದ! ಬಾಸೆಲ್ಲಿನ ಹಿರಿಯರಿಗೆ ಕನ್ನಡ ಬರುತ್ತಿರಲಿಲ್ಲವೆಂಬುದು ಒಂದು ಭಾಗ್ಯವೆಂದು ಸೆಕ್ರೆಟರಿಗಳು ನಕ್ಕರು.

ಕಿಟೆಲ್ಲನ ಕತೆ ಎಲ್ಲರಿಗೂ ಗೊತ್ತು. 1853ರಲ್ಲಿ ಬಂದವನ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳೊಂದಿಗೆ. ಈ ನಡುವೆ ಯೇಸುವಿನ ಕತೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದ, ನಾಗವರ್ಮನ “ಛಂದೋಂಬುಧಿ”ಯನ್ನು 1875ರಲ್ಲಿ ಸಂಪಾದಿಸಿದ. “ಇಂಥ ನೌಕರನ ವಾರ್ಷಿಕ ಮೌಲ್ಯಮಾಪನ ಬರೆಯುವ ಮೇಲಧಿಕಾರಿಯ ಸಂಕಟವನ್ನು ಯೋಚಿಸಿ. ಗುರಿ ಸಾಧನೆ ಎಂಬ ಕಲಮಿಗೆ ಏನು ತುಂಬುವುದು, ಛಂದಸ್ಸನ್ನೇ?” ಎಂದು ಮ್ಯಾನೇಜರು ನಿಟ್ಟುಸಿರು ಬಿಟ್ಟರು.

ಅವರಿಗೆ ನಿಜವಾದ ನೆಮ್ಮದಿ ಸಿಕ್ಕಿದ್ದು ಹಂಚಿನ ಪ್ರಸಂಗದಲ್ಲಿ. ಮತಾಂತರವಾದವರು ಜಾತಿಯಿಂದಲೂ ಕಸುಬಿನಿಂದಲೂ ಹೊರಗುಳಿದು ಕೈಕಟ್ಟಿ ಕುಳಿತರೆ ಅವರ ಹೊಟ್ಟೆಪಾಡಿನ ಭಾರ ಮಿಶನ್ನಿನ ಮೇಲೆಯೇ. ಅದಕ್ಕೆಂದು ನೇಯ್ಗೆ ಬಂತು. ಮಂಗಳೂರಿನ ಬಲ್ಮಠದ ನೇಯ್ಗೆಯ ಹಾಲರ್ ಖಾಕಿ ಬಣ್ಣವನ್ನೂ ತಂದ. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಇದ್ದದ್ದು ಮೂವರು ಆಳು, ಒಂದು ಜೋಡಿ ಎತ್ತು. ದಿನಕ್ಕೆ 560 ಹಂಚು. ತಲೆಗೆ ದಿನಕ್ಕೆ ನೂರೆಂಬತ್ತಾರು ಚಿಲ್ಲರೆ ಹಂಚೆಂದು ಮ್ಯಾನೇಜರು ಮನಸ್ಸಿನಲ್ಲೇ ಭಾಗಿಸಿ, ಎತ್ತುಗಳನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂಬ ತಾಂತ್ರಿಕ ಪ್ರಶ್ನೆ ಎತ್ತಿದರು. ಕಮಿಟಿಗೋ ಬೇರೆಯದೇ ಸಂಕಟ: ಸುವಾರ್ತೆಗೆ ಹೊರಟ ಸಂಸ್ಥೆ ವ್ಯಾಪಾರ ಮಾಡಬಹುದೇ, ಲಾಭ ಬಂದರೆ ಸಂತೋಷಪಡಬೇಕೇ, ಪಶ್ಚಾತ್ತಾಪಪಡಬೇಕೇ? ನಷ್ಟಕ್ಕೆ ವಿವರಣೆ ಕೇಳುವವರನ್ನು ಎಲ್ಲೆಡೆ ಕಂಡಿದ್ದೇವೆ. ಲಾಭಕ್ಕೂ ವಿವರಣೆ ಕೊಡಬೇಕಾದ ಬ್ರಾಂಚು ಇದೊಂದೇ. ಕೊನೆಗೆ 1914ರ ಯುದ್ಧ ಆ ಚಿಂತೆಯನ್ನು ಬಗೆಹರಿಸಿತು. ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

“ಈಗ ಗಾಳಿ ತಿರುಗಿದೆ” ಎಂದು ಸೆಕ್ರೆಟರಿಗಳು ಮೊಬೈಲನ್ನು ಹೊರತೆಗೆದರು. ಜರ್ಮನಿಯ ಚರ್ಚುಗಳಿಗೆ ಅಲ್ಲಿನ ಯುವಕರು ಪಾದ್ರಿಗಳಾಗಿ ಸಾಲದಷ್ಟು ಬರುತ್ತಿರುವುದರಿಂದ ಇಲ್ಲಿಂದ ಹೋದವರೇ ಎಷ್ಟೋ ಕಡೆ ಪೂಜೆ ನಡೆಸುತ್ತಾರೆ. ಅವರ ಅಣ್ಣನ ಮಗನಿಗೆ ಹಲವು ಹಳ್ಳಿಗಳ ಚರ್ಚುಗಳು ಒಟ್ಟಿಗೆ ಗಂಟುಬಿದ್ದಿವೆ. ತರಗತಿಯಲ್ಲಿ ಕಲಿತ ಜರ್ಮನ್ ಹಳ್ಳಿಯ ಅಜ್ಜಿಯರಿಗೆ ತಿಳಿಯುತ್ತದೆ, ಅಜ್ಜಿಯರ ಜರ್ಮನ್ ಅವನಿಗೆ ತಿಳಿಯುವುದಿಲ್ಲ. ಪಾಪನಿವೇದನೆಗೆ ಬಂದವರ ಪಾಪ ಅರ್ಧಂಬರ್ಧ ಅರ್ಥವಾದರೂ ಕ್ಷಮೆಯನ್ನು ಪೂರ್ತಿಯಾಗಿ ಕೊಡುತ್ತಾನಂತೆ. ಚಳಿಗೆ ಕೋಟಿನ ಮೇಲೆ ಕೋಟು. ದುಡ್ಡಿಗೆ ತೊಂದರೆಯಿಲ್ಲ; ಅಲ್ಲಿ ಸದಸ್ಯರ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಬಹುಮಟ್ಟಿಗೆ ಸರಕಾರವೇ ವಸೂಲು ಮಾಡಿಕೊಡುತ್ತದೆ. ಜನಕ್ಕೆ ಮಾತ್ರ ಬರ.

“ಹಾಗಾದರೆ ಹುಡುಗ ಸುಖವಾಗಿದ್ದಾನೆ” ಎಂದರು ಡಾಕ್ಟರಮ್ಮ.

“ಸುಖವೇ. ಆದರೆ ಚರ್ಚಿನ ಹೀಟರು ಕಳೆದ ಚಳಿಗಾಲ ಹೆಚ್ಚು ಹೊತ್ತು ಉರಿದಿದೆ, ಕಾರಣ ಬರೆದು ತಿಳಿಸಬೇಕು ಎಂದು ಸಮಿತಿಯಿಂದ ಎರಡನೆಯ ಜ್ಞಾಪನಪತ್ರ ಬಂದಿದೆಯಂತೆ. ಮಂಗಳೂರಿನವನಿಗೆ ಚಳಿಯಾಗುತ್ತದೆ ಎಂಬುದನ್ನು ಗೌರವದ ಜರ್ಮನ್‌ನಲ್ಲಿ ಹೇಗೆ ಬರೆಯುವುದೆಂದು ನನ್ನನ್ನು ಕೇಳಿದ್ದಾನೆ.”

ಬಾಸೆಲ್ಲಿನವರು ಪ್ರೊಟೆಸ್ಟಂಟರು, ಈ ಹುಡುಗ ಕ್ಯಾಥೊಲಿಕ್, ಎರಡು ಖಾತೆಗಳನ್ನು ಬೆರೆಸಬಾರದೆಂದು ಮೇಷ್ಟ್ರು ಎಚ್ಚರಿಸುವಷ್ಟರಲ್ಲಿ ಮ್ಯಾನೇಜರು ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ತೆಗೆದಾಗಿತ್ತು. “ಭಾಷೆ ಯಾವುದಾದರೇನು? ತಮ್ಮ ಪತ್ರ ತಲುಪಿತು, ವಿಷಯವು ಪರಿಶೀಲನೆಯಲ್ಲಿದೆ ಎಂದು ಮೊದಲು ಬರೆಯಲು ಹೇಳಿ. ಆಮೇಲೆ ಬೇಸಿಗೆ ಬರುತ್ತದೆ.”