ನುಡಿ–ಬರಹದಿಂದ ಯುನಿಕೋಡಿಗೆ ತರುವ ಲೈಬ್ರರಿ: ಬೇರೆಯವರಿಗೆ ಹೇಗೆ ವಹಿಸಿಕೊಡುವುದು?

ಮೈಸೂರಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡ್) ನೋಡಿಕೊಳ್ಳುತ್ತಿದ್ದೇನೆ. ಅದರ ಕೆಲಸ ಒಂದೇ. ನುಡಿ, ಬರಹ ತಂತ್ರಾಂಶಗಳ ಹಳೇ ಆನ್ಸಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳು) ಟೈಪ್ ಮಾಡಿದ ಕನ್ನಡವನ್ನು ಯುನಿಕೋಡಿಗೆ ತರುವುದು. ಅಂಥ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುನಡುವೆ ತಲೆ ಮೇಲೆ ಗೀಟಿರುವ ಎ ಕಾಣಿಸುತ್ತದೆ. ಹಳೇ ಸ್ಮರಣ ಸಂಚಿಕೆ, ಪಿಎಚ್‌ಡಿ ಪ್ರಬಂಧ, ಸಂಘದ ನಡಾವಳಿ ಹೀಗೆ ಏನೇನೋ ಇನ್ನೂ ಅದೇ ಸ್ಥಿತಿಯಲ್ಲಿದೆ. ಜನ ಈ ಲೈಬ್ರರಿ ಬಳಸಿ ಅದನ್ನೆಲ್ಲ ಓದುವ ಹಾಗೆ ಮಾಡಿಕೊಳ್ಳುತ್ತಾರೆ.

ಈಗ ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳುವ ಜವಾಬ್ದಾರಿ ಜಾಸ್ತಿಯಾಗಿದೆ. ಇಶ್ಯೂಗಳಿಗೆ (ಬಳಸುವವರು ಬರೆದು ಹಾಕುವ ತೊಂದರೆಗಳಿಗೆ) ಉತ್ತರ ಬರೆಯುವುದಕ್ಕೂ ಆಗುತ್ತಿಲ್ಲ. ಬಿಟ್ಟುಕೊಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಸುಮ್ನೆ ಕೈತೊಳೆದುಕೊಂಡು ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಕೋಡ್ ಕೊಡುವುದು ಸುಲಭ. ತಲೆಯಲ್ಲಿರುವುದನ್ನು ಹೇಗೆ ಕೊಡಲಿ? ನೋಡಿ, ಆನ್ಸಿಯಲ್ಲಿ ಅಕ್ಷರಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಕೂತಿರುತ್ತವೆ. ‘ಸೂರ್ಯ’ ಅಂದರೆ ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ಆ ರ್ ಯಕ್ಕಿಂತ ಮೊದಲು ಬರಬೇಕು. ಅಂದರೆ ಅರ್ಕಾವತ್ತು ಸಿಕ್ಕಾಗ ಅದನ್ನು ಹಿಂದಕ್ಕೆ ಒಯ್ಯಬೇಕು. ಎಷ್ಟು ಹಿಂದಕ್ಕೆ? ಒಂದೇ ಅಕ್ಷರ ಅಂದುಕೊಂಡರೆ ‘ಸೂರ್ಯ’ ಸರಿಯಾಗುತ್ತದೆ, ‘ಅರ್ಘ್ಯ’ ಕೆಡುತ್ತದೆ. ಅಲ್ಲಿ ಘ ಮತ್ತು ಅದರ ಕೆಳಗಿನ ಒತ್ತು ಎರಡನ್ನೂ ದಾಟಬೇಕು. ‘ರ‍್ಯಾಂಕ್’ ಬಂದರೆ ಅದರ ಲೆಕ್ಕವೇ ಬೇರೆ. ಅಲ್ಲಿ ಅರ್ಕಾವತ್ತೇ ಇಲ್ಲ, ರ ತನ್ನ ಜಾಗದಲ್ಲೇ ಇರಬೇಕು. ಅದಕ್ಕೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರನ್ನು ರ ಆದ ಕೂಡಲೇ ಸೇರಿಸಬೇಕು. ಇಂಥವು ಕೆಲವು ಟೆಸ್ಟ್‌ಗಳಲ್ಲಿ (ಕೋಡ್ ಸರಿ ಇದೆಯೇ ಎಂದು ಪರೀಕ್ಷಿಸುವ ಸಣ್ಣ ಕೋಡ್‌ಗಳಲ್ಲಿ) ಇವೆ. ಉಳಿದವು ಮುಚ್ಚಿದ ಇಶ್ಯೂಗಳಲ್ಲಿ, ನನ್ನ ಮೇಲ್‌ಬಾಕ್ಸಿನಲ್ಲಿ ಚೆಲ್ಲಾಪಿಲ್ಲಿಯಾಗಿವೆ.

ಇನ್ನೊಂದು ವಿಷಯ. ಕೆಲವು ತಿಂಗಳಿಂದ ಒಬ್ಬರು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುತ್ತಿದ್ದಾರೆ. ಒಳ್ಳೆಯ ಪ್ಯಾಚ್‌ಗಳು. ಯಾರು, ಎಲ್ಲಿಯವರು ಗೊತ್ತಿಲ್ಲ. ನಾನು ಬಿಡುತ್ತೇನೆ ಅಂತ ಬರೆದ ಕೂಡಲೇ “ಪೈಪಿಐನಲ್ಲಿ ಓನರ್ ಮಾಡಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ” ಎಂದರು. ಪೈಪಿಐ ಅಂದರೆ ಜನ ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಳ್ಳುವ ತಾಣ. ಕೊಡಬಹುದಾ? ಪುಕ್ಕಟೆಯಾಗಿ ದುಡಿಯಲು ಬಂದವರ ಮೇಲೆ ಅನುಮಾನ ಪಡುವುದು ತಪ್ಪಲ್ವಾ ಅನ್ನುವುದೂ ಕಾಡುತ್ತಿದೆ.

ಟರ್ಮಿನಲ್‌ಧಾರವಾಡ

ತಪ್ಪಲ್ಲ ಅಕ್ಕಾ. ನಿಮ್ಮದು ಸಣ್ಣ ಲೈಬ್ರರಿ ಇರಬಹುದು. ಆದರೆ ಅದು ಪರರ ಕಂಪ್ಯೂಟರಿನಲ್ಲಿ ಓಡುತ್ತದೆ.

2018ರಲ್ಲಿ ಎನ್‌ಪಿಎಂನ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ತಾಣ) ಇವೆಂಟ್-ಸ್ಟ್ರೀಮ್ ಅನ್ನುವ ಪ್ಯಾಕೇಜಿಗೆ ಆದದ್ದು ಥೇಟ್ ಇದೇ. ಅದನ್ನು ಬರೆದವರಿಗೆ ಆಸಕ್ತಿ ಉಳಿದಿರಲಿಲ್ಲ. ಗುರುತಿಲ್ಲದ ಒಬ್ಬರು ಕೇಳಿದರು, ಕೊಟ್ಟರು. ಹೊಸಬರು ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಅನ್ನುವ ಇನ್ನೊಂದು ಪ್ಯಾಕೇಜನ್ನು ಒಳಗೆ ಸೇರಿಸಿದರು. ಅದರಲ್ಲಿ ಕೋಪೇ ಅನ್ನುವ ಬಿಟ್‌ಕಾಯಿನ್ ವ್ಯಾಲೆಟ್ಟಿನಿಂದ ಹಣ ಕದಿಯುವ ಕೋಡ್ ಇತ್ತು. ನವೆಂಬರಿನಲ್ಲಿ ಸಿಕ್ಕಿಬಿತ್ತು. ಬಿಟ್ಟುಕೊಟ್ಟವರನ್ನು ಆಗ ತುಂಬಾ ಜನ ಬೈದರು. ನನಗೆ ಅದು ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಅಷ್ಟು ದೊಡ್ಡ ಕಂಪನಿಗಳು ಬಳಸುತ್ತಿದ್ದ ಕೋಡನ್ನು ಒಬ್ಬರೇ, ಬಿಡಿಗಾಸಿಲ್ಲದೆ ಹೊತ್ತುಕೊಂಡಿದ್ದರು.

ಲಿನಕ್ಸಿನಲ್ಲಿ ಫೈಲು ಕುಗ್ಗಿಸಲು ಬಳಸುವ ಎಕ್ಸ್‌ಝಡ್‌ನದ್ದು ಇನ್ನೂ ಭಯ ಹುಟ್ಟಿಸುವಂಥದ್ದು. ‘ಜಿಯಾ ಟಾನ್’ ಹೆಸರಿನ ಖಾತೆ 2021ರಿಂದ ನಿಧಾನವಾಗಿ, ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸುತ್ತಾ ಬಂತು. 2022ರಲ್ಲಿ ಬೇರೆ ಕೆಲವು ಅಪರಿಚಿತ ಖಾತೆಗಳು ಬಂದು “ಪ್ಯಾಚ್ ಯಾಕಿಷ್ಟು ತಡ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ” ಎಂದು ಮೂಲ ನಿರ್ವಾಹಕರ ಬೆನ್ನುಬಿದ್ದವು. ಕೊನೆಗೆ ಬಿಡುಗಡೆ ಮಾಡುವ ಅಧಿಕಾರವೂ ಜಿಯಾ ಟಾನ್‌ಗೆ ಸಿಕ್ಕಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಕಂಪ್ಯೂಟರಿಗೆ ನುಗ್ಗುವ ದಾರಿ ಇತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೊಕ್ಕುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಕೆದಕಿದರು. ಮಾರ್ಚ್ 29ಕ್ಕೆ ಜಗತ್ತಿಗೆ ಗೊತ್ತಾಯಿತು.

ಅದರಲ್ಲಿ ನಿಮಗೆ ಬೇಕಾದ ವಿವರ ಇದು: ಹಿಂಬಾಗಿಲನ್ನು ಎಬ್ಬಿಸುವ ಸಾಲುಗಳು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳೆಲ್ಲ ಎಲ್ಲರಿಗೂ ಕಾಣುವ ದಾಖಲೆ) ಇರಲಿಲ್ಲ. ಕೈಯಾರೆ ಕಟ್ಟಿ ಏರಿಸಿದ ಟಾರ್‌ಬಾಲ್‌ನಲ್ಲಿ (ಬಿಡುಗಡೆಯ ಫೈಲುಗಳ ಗಂಟು) ಮಾತ್ರ ಇದ್ದವು. ಹಾಗಾಗಿ ವಹಿಸಿಕೊಡುವ ಮೊದಲು, ಯಾರೂ ತಮ್ಮ ಲ್ಯಾಪ್‌ಟಾಪಿನಿಂದ ಪೈಪಿಐಗೆ ಏರಿಸುವ ಪದ್ಧತಿಯನ್ನೇ ನಿಲ್ಲಿಸಿ. ನೀವು ಕೂಡ. ಪೈಪಿಐನಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ ಇದೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ, ಅಂದರೆ ಕೋಡ್ ಇಡುವ ತಾಣ ಗಿಟ್‌ಹಬ್‌ನದೇ ಯಂತ್ರಗಳಲ್ಲಿ ಕಟ್ಟಿದ್ದು ನೇರವಾಗಿ ಹೋಗುತ್ತದೆ, ಟೋಕನ್ (ಏರಿಸಲು ಬೇಕಾದ ಗುಪ್ತ ಕೀಲಿ) ಯಾರ ಕೈಯಲ್ಲೂ ಇರುವುದಿಲ್ಲ. ಅಲ್ಲಿ ಬಿಡುಗಡೆಯ ಎನ್ವಿರಾನ್‌ಮೆಂಟಿಗೆ (ಬಿಡುಗಡೆ ಹಾದುಹೋಗುವ ಹಂತಕ್ಕೆ) ರಿವ್ಯೂಯರ್ ಹಾಕಿಟ್ಟರೆ, ಅವರು ಒಪ್ಪಿಗೆ ಕೊಡುವ ತನಕ ಅದು ಅಲ್ಲೇ ಕಾಯುತ್ತದೆ.

ಆ ವ್ಯಕ್ತಿ ಒಳ್ಳೆಯವರೇ ಇರಬಹುದು. ಹತ್ತರಲ್ಲಿ ಒಂಬತ್ತು ಸಲ ಹಾಗೇ ಇರುತ್ತದೆ ಅಂತ ನನ್ನ ನಂಬಿಕೆ. ಅದಕ್ಕೇ ಅವರ ಊರು, ಫೋಟೊ ಕೇಳಬೇಡಿ. ಕೆಲಸ ಕೊಡಿ.

ಬೆಂಗಳೂರ್‌ಬಿಲ್ಡ್

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಪೈಪಿಐನಲ್ಲಿ ಓನರ್, ಮೇಂಟೇನರ್ ಎರಡೇ ದರ್ಜೆ. ಮೇಂಟೇನರ್‌ಗೆ ಬೇರೆಯವರನ್ನು ಸೇರಿಸಲು, ಅಳಿಸಲು ಆಗುವುದಿಲ್ಲ. ಆದರೆ ಹೊಸ ಆವೃತ್ತಿ ಏರಿಸಲು ಆಗುತ್ತದೆ. ಅಪಾಯ ಇರುವುದೇ ಅಲ್ಲಿ. ಆದ್ದರಿಂದ ಸದ್ಯಕ್ಕೆ ಎರಡೂ ಬೇಡ.

ಗಿಟ್‌ಹಬ್‌ನಲ್ಲಿ ರೆಪೊ (ಕೋಡ್ ಇಟ್ಟಿರುವ ಜಾಗ) ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಮೊದಲು ಒಂದು ಆರ್ಗನೈಸೇಶನ್ (ಹಲವರು ಸೇರಿ ನಡೆಸುವ ಖಾತೆ) ಮಾಡಿ ಅಲ್ಲಿಗೆ ಸಾಗಿಸಿ. ಅಲ್ಲಿ ಟ್ರಯಾಜ್ (ಇಶ್ಯೂ ವಿಂಗಡಿಸಬಹುದು, ಕೋಡ್ ಮುಟ್ಟುವಂತಿಲ್ಲ), ರೈಟ್, ಮೇಂಟೇನ್, ಅಡ್ಮಿನ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೊಡಬಹುದು. ಹಳೇ ವಿಳಾಸ ತಾನಾಗಿ ಹೊಸದಕ್ಕೆ ತಿರುಗುತ್ತದೆ. ಆದರೆ ನಿಮ್ಮ ಖಾತೆಯಲ್ಲಿ ಅದೇ ಹೆಸರಿನ ಇನ್ನೊಂದು ರೆಪೊ ಯಾವತ್ತೂ ಮಾಡಬೇಡಿ, ಮಾಡಿದರೆ ಆ ತಿರುವು ಕಡಿದುಹೋಗುತ್ತದೆ. ಸಾಗಿಸಿದ ಮೇಲೆ ಟ್ರಸ್ಟೆಡ್ ಪಬ್ಲಿಷರ್ ಹೊಸದಾಗಿ ನೋಂದಾಯಿಸಬೇಕು, ಅದು ಮಾಲೀಕರ ಹೆಸರಿಗೆ ಅಂಟಿಕೊಂಡಿರುತ್ತದೆ.

ಲೈಸೆನ್ಸ್ ಬಗ್ಗೆ ಗಾಬರಿ ಬೇಡ. ನಿರ್ವಹಣೆ ಕೊಟ್ಟರೆ ಹಕ್ಕುಸ್ವಾಮ್ಯ ಕೊಟ್ಟ ಹಾಗಲ್ಲ. ನೀವು ಬರೆದದ್ದು ನಿಮ್ಮದೇ.

ಕರಾವಳಿಕೋಡ್

ಒಂದು ಮಾತು. ಯಾರೂ ಸಿಗದಿದ್ದರೆ ಆರ್ಕೈವ್ ಮಾಡಿ (ಓದಲು ಮಾತ್ರ ಇಟ್ಟು ನಿಲ್ಲಿಸಿ), ಅದೂ ಮರ್ಯಾದೆಯ ದಾರಿಯೇ. ಆ ಹಳೇ ಫಾಂಟುಗಳ ಅಕ್ಷರ ಪಟ್ಟಿ ಇನ್ನು ಬದಲಾಗುವುದಿಲ್ಲ. ಇವತ್ತು ಸರಿಯಾಗಿ ಓಡುವ ಕೋಡ್ ಮುಂದೆಯೂ ಬಹುಪಾಲು ಓಡುತ್ತದೆ. ಬೇಕಾದವರು ಫೋರ್ಕ್ ಮಾಡಿಕೊಳ್ಳುತ್ತಾರೆ, ಅಂದರೆ ಪ್ರತಿ ತೆಗೆದು ತಾವೇ ಮುಂದುವರಿಸುತ್ತಾರೆ. ಅವಸರಕ್ಕೆ ಬಿದ್ದು ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ‘ಸಕ್ಸೆಸರ್’ ಅಂತ ಇದೆ. ನಮಗೇನಾದರೂ ಆದರೆ ನಮ್ಮ ಸಾರ್ವಜನಿಕ ರೆಪೊಗಳನ್ನು ಅವರು ನೋಡಿಕೊಳ್ಳಬಹುದು. ಮರಣ ಪ್ರಮಾಣಪತ್ರ ಕೊಟ್ಟು 7 ದಿನ ಕಾಯಬೇಕು. ಇದನ್ನು ಈ ಚರ್ಚೆ ಓದುತ್ತಿರುವ ಎಲ್ಲರೂ ಇವತ್ತೇ ತುಂಬಿ. 2023ರ ಆಗಸ್ಟಿನಲ್ಲಿ ಬ್ರಾಮ್ ಮೋಲೆನಾರ್ ತೀರಿಕೊಂಡಾಗ ಅವರು ಬರೆದ ವಿಮ್ ಎಡಿಟರ್ ನಿಂತುಹೋಗಲಿಲ್ಲ, ಯಾಕೆಂದರೆ ಕ್ರಿಶ್ಚಿಯನ್ ಬ್ರಾಬಾಂಟ್ ಅವರಂಥ ಕೆಲವರು ಮೊದಲಿನಿಂದಲೂ ಜೊತೆಗೆ ಕೆಲಸ ಮಾಡುತ್ತಿದ್ದರು. 2024ರ ಜನವರಿಯಲ್ಲಿ 9.1 ಬಂತು, ಅದನ್ನು ಬ್ರಾಮ್ ಅವರಿಗೇ ಅರ್ಪಿಸಿದರು.

ಮೈಸೂರಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ‘ಕೆಲಸ ಕೊಡಿ’ ಅನ್ನುವ ಮಾತಿನಿಂದ ಮನಸ್ಸು ಹಗುರಾಯಿತು.

ಹೀಗೆ ಮಾಡುತ್ತೇನೆ. ಆರ್ಗನೈಸೇಶನ್ ಮಾಡಿದ್ದೇನೆ, ಈ ಭಾನುವಾರ ರೆಪೊ ಸಾಗಿಸುತ್ತೇನೆ. ಪ್ಯಾಚ್ ಕಳಿಸುವವರಿಗೆ ಟ್ರಯಾಜ್ ಕೊಟ್ಟು, ಮುಚ್ಚಿದ ಇಶ್ಯೂಗಳಲ್ಲಿರುವ ಪದಗಳನ್ನೆಲ್ಲ ಟೆಸ್ಟ್ ಮಾಡಿ ಬರೆಯಲು ಕೇಳಿದ್ದೇನೆ. ಮೇಲ್‌ನಲ್ಲಿರುವುದನ್ನು ನಾನು ಹೆಕ್ಕಿ ಕೊಡುತ್ತೇನೆ. ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದಾಗ ಏನಾಗಬೇಕು ಅಂತ ಅವರೇ ಒಂದು ಪ್ರಶ್ನೆ ಎತ್ತಿದರು. ‘ಸ್ವಾತಂತ್ರ್ಯ’ದಂಥ ಪದಕ್ಕೆ ನನ್ನ ಬಳಿಯೂ ಟೆಸ್ಟ್ ಇರಲಿಲ್ಲ. ಖುಷಿಯಾಯಿತು. ಓನರ್ ವಿಷಯ ಸದ್ಯಕ್ಕಿಲ್ಲ ಎಂದು ನೇರವಾಗಿಯೇ ಬರೆದೆ. “ಸರಿ” ಎಂದರು, ಮುನಿಸಿಕೊಳ್ಳಲಿಲ್ಲ.

ರೆಪೊದ ಪರಿಚಯ ಪುಟವಾದ ರೀಡ್‌ಮಿಯಲ್ಲಿ ನಿರ್ವಹಣೆ ಬದಲಾಗುತ್ತಿದೆ ಎಂದು ಮೇಲ್ಗಡೆಯೇ ಹಾಕುತ್ತೇನೆ. ಬಳಸುವವರಿಗೆ ಗೊತ್ತಿರಬೇಕು. ಉಳಿದಿರುವುದು ಒಂದೇ: ಬಿಡುಗಡೆಗೆ ಒಪ್ಪಿಗೆ ಕೊಡಲು ನನ್ನ ಜೊತೆ ಇನ್ನೊಬ್ಬರು ಬೇಕು.

ಟರ್ಮಿನಲ್‌ಧಾರವಾಡ

ನಾನು ಇರುತ್ತೇನೆ ಅಕ್ಕಾ. ಕೋಡ್ ಬರೆಯಲು ಸಮಯವಿಲ್ಲ. ಆದರೆ ಪ್ರತಿ ಬಿಡುಗಡೆಗೆ ಮೊದಲು ಬದಲಾದ ಸಾಲುಗಳನ್ನು ಕೂತು ಓದುತ್ತೇನೆ. ಆಹ್ವಾನ ಕಳಿಸಿ.